ಪುಟ್ಟ ಮೋಟಾರಿನ ಹೊಡೆತಕ್ಕೆ ಡಯೋಡ್ ತಡೆ

ಸುರುಳಿಯ ಕಾಂತಕ್ಷೇತ್ರ ಬದಲಾದರೆ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುತ್ ಉತ್ಪಾದನೆಗೆ ಆಧಾರವಾದ ಈ ತತ್ವವೇ ಶಾಲಾ ಮಕ್ಕಳ ಯೋಜನೆಯನ್ನು ಕೆಡಿಸಲೂಬಲ್ಲದು.

ಮಂಡ್ಯ, ಮದ್ದೂರು, ಮಳವಳ್ಳಿಯಂಥ ನೀರಾವರಿ ಸೀಮೆಯ ವಿದ್ಯಾರ್ಥಿಗಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಸ್ವಯಂಚಾಲಿತ ಪಂಪಿನ ಮಾದರಿ ತಯಾರಿಸುತ್ತಾರೆ ಎನ್ನೋಣ. ಅದರಲ್ಲಿ ಟ್ರಾನ್ಸಿಸ್ಟರೇ ಸ್ವಿಚ್. ಅದು ಬಂದ್ ಆದೊಡನೆ ಮೋಟಾರಿನ ಸುರುಳಿಯ ಕಾಂತಕ್ಷೇತ್ರ ಕುಸಿಯುತ್ತದೆ. ಬ್ಯಾಟರಿ 6 ವೋಲ್ಟಿನದಾದರೂ ಆ ಕ್ಷಣದ ವೋಲ್ಟೇಜ್ ಹಲವು ಪಟ್ಟು ಏರಬಹುದು. 2ಎನ್2222ಎ ಟ್ರಾನ್ಸಿಸ್ಟರ್ ತಾಳುವ ಮಿತಿ 40 ವೋಲ್ಟ್. ಮೀರಿದರೆ ಅದು ಸುಟ್ಟುಹೋಗಬಹುದು. ಮಕ್ಕಳು ತಮ್ಮ ಜೋಡಣೆಯೇ ತಪ್ಪೆಂದು ಕೈಚೆಲ್ಲುತ್ತಾರೆ.

ಪರಿಹಾರ ಸರಳ. ಮೋಟಾರಿನ ಎರಡು ತುದಿಗಳ ನಡುವೆ 1ಎನ್4007 ಡಯೋಡ್ ಜೋಡಿಸಬೇಕು. ಅದರ ಬಿಳಿ ಪಟ್ಟಿಯ ತುದಿ ಬ್ಯಾಟರಿಯ ಧನಾಗ್ರದ ಕಡೆಗಿರಬೇಕು. ಆಗ ಸುರುಳಿಯ ವಿದ್ಯುತ್ ಮೋಟಾರು ಮತ್ತು ಡಯೋಡಿನಲ್ಲಿಯೇ ಸುತ್ತಿ ಕ್ಷೀಣಿಸುತ್ತದೆ. ಟ್ರಾನ್ಸಿಸ್ಟರಿನ ಮೇಲೆ ಬೀಳುವುದು ಸುಮಾರು 7 ವೋಲ್ಟ್ ಮಾತ್ರ. ಡಯೋಡ್ ತಿರುಗುಮುರುಗಾದರೆ ಮಾತ್ರ ಶಾರ್ಟ್ ಸರ್ಕ್ಯೂಟ್ ಖಚಿತ.

ರಿಲೇಯಲ್ಲಿಯೂ ಸುರುಳಿ ಇರುವುದರಿಂದ ಅಲ್ಲಿಯೂ ಈ ರಕ್ಷಣೆ ಅಗತ್ಯ. ಬ್ಯಾಟರಿ ಜೋಡಿಸುವ ಮುನ್ನ ಶಿಕ್ಷಕರು ಡಯೋಡಿನ ಪಟ್ಟಿ ಯಾವ ಕಡೆಗಿದೆ ಎಂದು ಪರಿಶೀಲಿಸುವುದು ಒಳಿತು.