ಸಾಕೆಟ್ ನೋಡದೆ ಪ್ರೊಸೆಸರ್ ಕೊಳ್ಳಬೇಡಿ

ಕಳೆದ ರಜೆಯಲ್ಲಿ ವಡೋದರಾದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಡಿಪ್ಲೊಮಾ ಓದುತ್ತಾನೆ. ಮನೆಯಲ್ಲಿರುವುದು ಯಾರೋ ಬಳಸಿ ಬಿಟ್ಟ ಕಂಪ್ಯೂಟರ್. ನಾಲ್ಕು ಪುಟ ಒಟ್ಟಿಗೆ ತೆರೆದರೆ ಸಾಕು, ಅಲ್ಲೇ ನಿಂತುಬಿಡುತ್ತದೆ. "ಖಾಲಾ, ಅಹಮದಾಬಾದಿನ ರಿಲೀಫ್ ರೋಡಲ್ಲಿ ಹಳೇ ಐ5 ಅಗ್ಗಕ್ಕೆ ಸಿಗುತ್ತಂತೆ. ತಂದು ಹಾಕಿದ್ರೆ ಆಯ್ತಲ್ಲ?" ಅಂದ. ಅಕ್ಕ ಹೊಲಿಗೆಯಲ್ಲಿ ಕೂಡಿಟ್ಟ ದುಡ್ಡು ಅದು. ಮೊದಲು ಬೋರ್ಡ್ ಯಾವುದು ನೋಡೋಣ ಅಂದೆ. ಯಾಕೆಂದರೆ ನಾನೇ ಒಮ್ಮೆ ಆತುರಪಟ್ಟು ನಾಲ್ಕನೇ ತಲೆಮಾರಿನ ಐ5 ಕೊಂಡು ತಂದಿದ್ದೆ. ಬೋರ್ಡಿನಲ್ಲಿ ಅದು ಕೂರಲೇ ಇಲ್ಲ. ಈಗಲೂ ನನ್ನ ಡ್ರಾಯರಿನಲ್ಲಿ ಬಿದ್ದಿದೆ.

ನೀವೂ ಅಂಗಡಿಗೆ ಹೊರಡುವ ಮೊದಲು ಇಷ್ಟು ಮಾಡಿ. ವಿಂಡೋಸ್‌ನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ತೆರೆದರೆ ಬೋರ್ಡಿನ ಹೆಸರು, ಬಯೋಸ್ ಆವೃತ್ತಿ ಎರಡೂ ಸಿಗುತ್ತವೆ. ನಮ್ಮ ಹುಡುಗನದು ಎಚ್61 ಚಿಪ್‌ಸೆಟ್ಟಿನ ಬೋರ್ಡು, ಅದರಲ್ಲಿ ಐ3-2100. 2011ರ ಸುಮಾರಿಗೆ ಬಂದ ಅಗ್ಗದ ಜೋಡಿ ಇದು. ಸಾಕೆಟ್ ಎಲ್‌ಜಿಎ 1155. ಮಾದರಿ ಸಂಖ್ಯೆಯ ಮೊದಲ ಅಂಕಿಯೇ ತಲೆಮಾರು: 2100 ಎರಡನೆಯದು, 3470 ಮೂರನೆಯದು, 4570 ನಾಲ್ಕನೆಯದು. 1155ಕ್ಕೆ ಎರಡು ಮತ್ತು ಮೂರು ಮಾತ್ರ. ನಾಲ್ಕನೆಯದಕ್ಕೆ 1150 ಬೇಕು. ಒತ್ತಿ ಕೂರಿಸಲು ಹೋದರೆ ಸಾಕೆಟ್ಟಿನ ಕೂದಲೆಳೆಯಂಥ ಪಿನ್ನುಗಳು ಬಾಗುತ್ತವೆ, ಆಗ ಬೋರ್ಡೂ ಹೋಯಿತು.

ಸಾಕೆಟ್ ಹೊಂದಿದರೆ ಸಾಕೇ? ಸಾಲದು. ಎಚ್110 ಬೋರ್ಡಿನದೂ ಎಲ್‌ಜಿಎ 1151, ಎಂಟನೇ ತಲೆಮಾರಿನ ಪ್ರೊಸೆಸರಿನದೂ 1151. ಆದರೂ ಎರಡೂ ಕೂಡಿ ಕೆಲಸ ಮಾಡುವುದಿಲ್ಲ. ಎಚ್110ಕ್ಕೆ ಆರು ಮತ್ತು ಏಳನೇ ತಲೆಮಾರು ಮಾತ್ರ. ಅದಕ್ಕೇ ಬೋರ್ಡ್ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ 'ಸಿಪಿಯು ಸಪೋರ್ಟ್' ಪಟ್ಟಿ ನೋಡಲೇಬೇಕು. ಅಂಗಡಿಯವರ ಮಾತಿಗಿಂತ ಆ ಪಟ್ಟಿಯೇ ನಂಬಿಕೆಗೆ ಅರ್ಹ. ಬೋರ್ಡಿನ ಮೇಲೆ 'ರೆವ್' ಅಂತ ಏನಾದರೂ ಮುದ್ರಿಸಿದ್ದರೆ ಅದನ್ನೂ ಹೊಂದಿಸಿ ನೋಡಿ.

ಪಟ್ಟಿಯಲ್ಲಿ ಪ್ರತಿ ಪ್ರೊಸೆಸರಿನ ಮುಂದೆ ಒಂದು ಬಯೋಸ್ ಆವೃತ್ತಿ ಬರೆದಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. 2011ರ ಬೋರ್ಡಿಗೆ 2012ರ ಐ5-3470 ಯಾರೆಂದೇ ಗೊತ್ತಿರುವುದಿಲ್ಲ, ಬಯೋಸ್ ಹೊಸದಾದರೆ ಮಾತ್ರ ಗುರುತು ಹಿಡಿಯುತ್ತದೆ. ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ನವೀಕರಿಸಿ, ಆಮೇಲೆ ಹೊಸದನ್ನು ಹಾಕಿ. ಮೊದಲೇ ಬದಲಿಸಿಬಿಟ್ಟರೆ ಪರದೆ ಕಪ್ಪಗೇ ಇರುತ್ತದೆ, ಪ್ರೊಸೆಸರ್ ಕೆಟ್ಟಿದೆ ಅಂತ ಸುಮ್ಮನೆ ಜಗಳಕ್ಕೆ ಹೋಗುತ್ತೀರಿ. ನವೀಕರಣದ ನಡುವೆ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು. ಯುಪಿಎಸ್ ಇಲ್ಲದಿದ್ದರೆ ಇರುವವರ ಮನೆಗೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ನಾಚಿಕೆ ಬೇಡ.

ವ್ಯಾಟ್ ಸಹ ನೋಡಿ. ಐ3-2100 65 ವ್ಯಾಟಿನದು, ಐ5-3470 77, ಐ7-2600 ಆದರೆ 95. ಸಣ್ಣ ಫ್ಯಾನು, ಹಳೇ ಪವರ್ ಸಪ್ಲೈ ಇದ್ದಾಗ ನಾನಂತೂ 95ಕ್ಕೆ ಹೋಗುವುದಿಲ್ಲ. ಐ5-3350ಪಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ, ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಇಲ್ಲದೆ ಪರದೆಗೆ ಏನೂ ಬರುವುದಿಲ್ಲ. ಹೆಸರಿನ ಕೊನೆಗೆ 'ಕೆ' ಇರುವುದಕ್ಕೆ ಹೆಚ್ಚು ಕೊಡುವುದೂ ದಂಡ, ಎಚ್61 ಅದರ ವೇಗ ಏರಿಸಲು ಬಿಡುವುದಿಲ್ಲ.

ಇನ್ನೊಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಹಾರ್ಡ್ ಡಿಸ್ಕ್ ಮಾತ್ರ ಇರುವ ಕಂಪ್ಯೂಟರಿಗೆ ಮೊದಲು ಬೇಕಾದದ್ದು ಪ್ರೊಸೆಸರ್ ಅಲ್ಲ, ಎಸ್‌ಎಸ್‌ಡಿ. ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸುವುದು. ಮೂರನೇ ತಲೆಮಾರಿನ ಐ5 ಹಾಕಿದರೂ ವಿಂಡೋಸ್ 11ಕ್ಕೆ ಅಧಿಕೃತ ಅರ್ಹತೆ ಬರುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಓದು, ಟೈಪಿಂಗ್, ಕೋಡಿಂಗ್‌ಗೆ ಲಿನಕ್ಸ್ ಮಿಂಟ್ ಧಾರಾಳ ಸಾಕು.

ಹುಡುಗ ಇದೆಲ್ಲ ಕೇಳಿ ಸ್ವಲ್ಪ ಸಪ್ಪಗಾದ. ಆ ವಾರ ಎಸ್‌ಎಸ್‌ಡಿ ಮಾತ್ರ ಕೊಂಡೆವು. ಪ್ರೊಸೆಸರಿಗಾಗಿ ಅವನು ಮುಂದಿನ ತಿಂಗಳು ಒಬ್ಬನೇ ರೈಲು ಹತ್ತಿ ಅಹಮದಾಬಾದಿಗೆ ಹೋದ. ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ ಬೋರ್ಡಿನ ಹೆಸರು, ರೆವ್ ಸಂಖ್ಯೆ, ನವೀಕರಿಸಿದ ಬಯೋಸ್ ಆವೃತ್ತಿ.