ದವಡೆಯ ಕೀಲಿನ ಗೆಡ್ಡೆ ತೆಗೆದರೆ ಮತ್ತೆ ಅಗಿಯಬಹುದೇ?

ಪ್ರಶ್ನೆ: ಕಿವಿಯ ಮುಂದೆ, ದವಡೆಯ ಕೀಲಿನಲ್ಲಿ ಗೆಡ್ಡೆ ಇದೆ ಎಂದಿದ್ದಾರೆ. ಆಪರೇಷನ್ ಆದಮೇಲೆ ಮುದ್ದೆ ನುಂಗಬಹುದು, ಕಡಲೆಕಾಯಿ ಅಗಿಯಲು ಆದೀತೇ?
– ಓದುಗರು, ಹಾಗಲವಾಡಿ

ಉತ್ತರ: ಬಹಳಷ್ಟು ಜನರಿಗೆ ಆಗುತ್ತದೆ. ಈ ಗೆಡ್ಡೆಗಳು ಅಪರೂಪ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆಸ್ಟಿಯೋಕಾಂಡ್ರೋಮಾ ಎಂಬ ಗೆಡ್ಡೆ ಬೆಳೆದಂತೆ ಗದ್ದ ಎದುರು ಬದಿಗೆ ವಾಲುತ್ತದೆ, ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ. ನೋವಿಲ್ಲವೆಂದು ವರ್ಷಗಟ್ಟಲೆ ಸುಮ್ಮನಿರುವವರನ್ನು ನೆನೆದರೆ ಸಂಕಟವಾಗುತ್ತದೆ. ಸಿ.ಟಿ. ಸ್ಕ್ಯಾನ್ ನೋಡಿಕೊಂಡು, ಸಾಮಾನ್ಯವಾಗಿ ಕಿವಿಯ ಮುಂದೆ ಕೊಯ್ದು, ಮುಖದ ನರಕ್ಕೆ ಪೆಟ್ಟಾಗದಂತೆ ಗೆಡ್ಡೆ ತೆಗೆಯುತ್ತಾರೆ. ಕೀಲಿನ ತಲೆಯೇ ಹೋದರೆ ಪಕ್ಕೆಲುಬಿನ ತುಂಡನ್ನೋ ಲೋಹದ ಕೃತಕ ಕೀಲನ್ನೋ ಕೂರಿಸುವುದುಂಟು. ಆಮೇಲಿನ ಬಾಯಿ ತೆರೆಯುವ ವ್ಯಾಯಾಮವನ್ನು ಮಾತ್ರ ದಯವಿಟ್ಟು ಬಿಡಬೇಡಿ. ನಿಮ್ಮದೇ ಮೂರು ಬೆರಳು ಹಿಡಿಸುವಷ್ಟು, ಸುಮಾರು 40 ಮಿ.ಮೀ., ಬಾಯಿ ತೆರೆಯುವುದು ಗುರಿ. ತಪಾಸಣೆಗೆ ತುಮಕೂರಿನ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿನಲ್ಲಿ ಬಾಯಿ-ದವಡೆ ಶಸ್ತ್ರಚಿಕಿತ್ಸಕರನ್ನು ಕಾಣಿ.