ಎರಡನೆಯ ಮತಕ್ಕೂ ಲೆಕ್ಕವಿದೆ

2025ರ ಮಾರ್ಚ್ 3ರಂದು ನಮ್ಮ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ವಿಧಾನ ಪರಿಷತ್ತಿನ ಉತ್ತರಾಂಧ್ರ ಶಿಕ್ಷಕರ ಕ್ಷೇತ್ರದ ಮತ ಎಣಿಕೆ ನಡೆಯಿತು. ಕಣದಲ್ಲಿದ್ದವರು ಹತ್ತು ಮಂದಿ. ಮೊದಲ ಪ್ರಾಶಸ್ತ್ಯದಲ್ಲಿ ಗಾದೆ ಶ್ರೀನಿವಾಸುಲು ನಾಯ್ಡು ಅವರಿಗೆ 7,210, ರಘುವರ್ಮ ಅವರಿಗೆ 6,845, ವಿಜಯಗೌರಿ ಅವರಿಗೆ 5,804 ಮತ. ವಿಧಾನಸಭೆಯ ಚುನಾವಣೆಯಾಗಿದ್ದರೆ ಪಟಾಕಿ ಹೊಡೆದು ಮನೆಗೆ ಹೋಗುತ್ತಿದ್ದರು. ಪರಿಷತ್ತಿಗೆ ಹಾಗಲ್ಲ. ಕ್ರಮಬದ್ಧವಾದ 20,135 ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 10,068ರ ಕೋಟಾ ಮುಟ್ಟಲೇಬೇಕು.

ಮತಪತ್ರದಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಹೆಸರುಗಳ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ 1, 2, 3 ಎಂದು ಬರೆಯಬೇಕು. ಯಾರೂ ಕೋಟಾ ಮುಟ್ಟದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಅಂಕಿ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಅಂದು ಕೆಳಗಿನ ಏಳೂ ಮಂದಿ ಹೋದರೂ ತೀರ್ಮಾನವಾಗಲಿಲ್ಲ. ಅವರೆಲ್ಲರದ್ದೂ ಸೇರಿ ಮುನ್ನೂರು ಮತವೂ ಇರಲಿಲ್ಲ. ವಿಜಯಗೌರಿಯವರ ಕಟ್ಟು ಬಿಚ್ಚಿದ ಮೇಲೆಯೇ ನಾಯ್ಡು ಗೆದ್ದದ್ದು. ಮೊದಲಿದ್ದವರೇ ಗೆದ್ದರಲ್ಲ, ಇಷ್ಟೆಲ್ಲ ಯಾಕೆ ಎನ್ನಬಹುದು. ಮೂರನೆಯ ಸ್ಥಾನದವರನ್ನು ಬೆಂಬಲಿಸಿದ ಮೇಷ್ಟ್ರುಗಳ ಅಭಿಪ್ರಾಯವನ್ನೂ ಕೇಳಿ ಗೆದ್ದರು ಎನ್ನುವುದೇ ನನಗೆ ದೊಡ್ಡದು.

1969ರ ರಾಷ್ಟ್ರಪತಿ ಚುನಾವಣೆಯಲ್ಲೂ ಹೀಗೇ ಆಯಿತು. ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ, ನೀಲಂ ಸಂಜೀವ ರೆಡ್ಡಿಯವರಿಗಿಂತ ಮುಂದಿದ್ದರೂ 4,01,515ಕ್ಕೆ ನಿಂತರು. ಬೇಕಾಗಿದ್ದದ್ದು 4,18,169. ಎರಡನೆಯ ಪ್ರಾಶಸ್ತ್ಯ ಎಣಿಸಿದಾಗ 4,20,077 ಆಯಿತು.

ನಾನು ಬಳ್ಳಾರಿಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಕರ್ನಾಟಕದ ಪದವೀಧರ ಕ್ಷೇತ್ರಗಳಲ್ಲೂ ಇದೇ ಪದ್ಧತಿ. ವಿಜಯವಾಡದಲ್ಲಿರುವ ನನ್ನ ನಾದಿನಿ ಕೃಷ್ಣಾ–ಗುಂಟೂರು ಪದವೀಧರ ಕ್ಷೇತ್ರದಲ್ಲಿ ಮತ ಹಾಕಿ ಬಂದು ಫೋನಿನಲ್ಲಿ ಕೇಳಿದಳು: "ಅತ್ತಿಗೆ, ನಾನು 1 ಮಾತ್ರ ಹಾಕಿದೆ. 2 ಹಾಕಿದರೆ ನಮ್ಮವರ ಬಲ ಕಮ್ಮಿಯಾಗಲ್ವಾ?"

"ಇಲ್ಲಮ್ಮ, ನಿನ್ನ 1ನೆಯವರು ಕಣದಲ್ಲಿರೋ ತನಕ ನಿನ್ನ 2ನ್ನು ಯಾರೂ ತಿರುಗಿ ನೋಡೋದಿಲ್ಲ. ಅವರು ಹೊರಬಿದ್ದರೆ ಮಾತ್ರ, 2 ಇಲ್ಲದ ನಿನ್ನ ಚೀಟಿ ಅಲ್ಲಿಗೇ ಮುಗೀತು."

2025ರಲ್ಲಿ ಅಲ್ಲಿ ಆ ಪ್ರಶ್ನೆಯೇ ಬರಲಿಲ್ಲ. ಆಲಪಾಟಿ ರಾಜೇಂದ್ರ ಪ್ರಸಾದ್ ಮೊದಲ ಪ್ರಾಶಸ್ತ್ಯದಲ್ಲೇ 82 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಆದರೆ ಆ ಕ್ಷೇತ್ರದಲ್ಲಿ 25 ಸಾವಿರಕ್ಕೂ ಹೆಚ್ಚು ಮತಗಳು ಕುಲಗೆಟ್ಟವು. 2023ರಲ್ಲಿ ನಮ್ಮ ಉತ್ತರಾಂಧ್ರ ಪದವೀಧರ ಕ್ಷೇತ್ರದಲ್ಲಿ ವೇಪಾಡ ಚಿರಂಜೀವಿ ರಾವ್ ಎರಡನೆಯ ಪ್ರಾಶಸ್ತ್ಯದಿಂದ ಗೆದ್ದಾಗಲೂ 12 ಸಾವಿರಕ್ಕೂ ಹೆಚ್ಚು ಮತ ಹೀಗೇ ಹೋಗಿದ್ದವು. ಎಲ್ಲರೂ ಡಿಗ್ರಿ ಆದವರೇ! ಅಂಕಿಯ ಬದಲು ಟಿಕ್ ಹಾಕಿದರೆ, ಇಬ್ಬರಿಗೆ 1 ಬರೆದರೆ, 1 ಬಿಟ್ಟು 2ರಿಂದ ಶುರುಮಾಡಿದರೆ, ಸಹಿ ಹಾಕಿದರೆ ಮತ ಅಸಿಂಧು. ಮತಗಟ್ಟೆಯಲ್ಲಿ ಕೊಡುವ ಪೆನ್ನಿನಲ್ಲೇ ಬರೆಯಬೇಕು. 2025ರಲ್ಲಿ ನಮ್ಮ ಮೇಷ್ಟ್ರುಗಳ ಕ್ಷೇತ್ರದಲ್ಲಿ ತಿರಸ್ಕಾರವಾದದ್ದು 656 ಮಾತ್ರ. ಅವರ ಸಂಘಗಳು ಮನೆಮನೆಗೆ ಹೋಗಿ ಹೇಳಿಕೊಡುತ್ತವೆ. ಪದವೀಧರರಿಗೆ ಹೇಳುವವರು ಕಡಿಮೆ.

ಎರಡನೆಯ ಮತ ಪಕ್ಷಗಳ ವ್ಯವಹಾರವೂ ಹೌದು. 2023ರಲ್ಲಿ ತೆಲುಗುದೇಶಂ ಮತ್ತು ಎಡಪಂಥೀಯ ಪಿಡಿಎಫ್ ಎರಡನೆಯ ಪ್ರಾಶಸ್ತ್ಯ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದವು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಎದುರಾಳಿಯ ಮತದಾರರ ಹತ್ತಿರವೂ ಮರ್ಯಾದೆಯಾಗಿ ಮಾತಾಡಬೇಕಾಗುತ್ತದಲ್ಲ.

ಹಾಗಂತ ಈ ಪದ್ಧತಿಯನ್ನು ವಿಧಾನಸಭೆಗೂ ನಾಳೆಯೇ ತನ್ನಿ ಎಂದರೆ ನಾನು ಒಪ್ಪುವುದಿಲ್ಲ. ಈಗಿನ ಮತಯಂತ್ರ ಒಂದು ಸಲ ಒತ್ತುವುದಕ್ಕೆ ಮಾಡಿದ್ದು. ಪದವೀಧರರ ಚೀಟಿಗಳೇ ಇಷ್ಟೊಂದು ಕೆಡುತ್ತಿರುವಾಗ ಓದು ಬಾರದವರ ಕೈಗೆ ಪೆನ್ನು ಕೊಟ್ಟು ಹತ್ತು ಅಂಕಿ ಬರೆಯಿರಿ ಎನ್ನುವುದು ಯಾವ ನ್ಯಾಯ?